ಪ್ಲಗ್, ಕಾಯಿಲ್ ಬದಲಾಯಿಸಿದರೂ ನಿಲ್ಲದ ಮಿಸ್‌ಫೈರ್: ಇಸಿಎಂಗೆ ಹಣ ಹಾಕುವ ಮೊದಲು ಏನೇನು ನೋಡಬೇಕು

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ಪುಣೆಯ ವಾಕಡ್‌ನಲ್ಲಿರುವ ನೀವು 2016ರ ಮಾದರಿಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರೊಂದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದೀರಿ. ಹಿಂದಿನ ಮಾಲೀಕರು ಅದಕ್ಕೆ ಹೊರಗಡೆ ಸಿಎನ್‌ಜಿ ಕಿಟ್ ಹಾಕಿಸಿದ್ದರು. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ನಡುಗುತ್ತದೆ, ಧಾರವಾಡಕ್ಕೆ ಹೋಗುವಾಗ ಖಂಬಾಟ್ಕಿ ಘಾಟಿನ ಏರಿನಲ್ಲಿ ಜರ್ಕ್ ಹೊಡೆದು ಚೆಕ್ ಎಂಜಿನ್ ದೀಪ ಮಿನುಗುತ್ತದೆ. ಕಿಡಿ ಹಾರಿಸುವ ನಾಲ್ಕು ಪ್ಲಗ್, ಅವಕ್ಕೆ ವೋಲ್ಟೇಜ್ ಕೊಡುವ ನಾಲ್ಕು ಕಾಯಿಲ್ ಹೊಸದಾಗಿವೆ, ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯೂ ಸ್ವಚ್ಛವಾಗಿದೆ, ಆದರೂ ಸ್ಕ್ಯಾನರಿನಲ್ಲಿ ಪಿ0303 ಎಂಬ ಕೋಡ್ ಮತ್ತೆ ಮತ್ತೆ ಬರುತ್ತಿದೆ. ಈಗ ಮೆಕ್ಯಾನಿಕ್ ಇಸಿಎಂ, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರನ್ನೇ, ಬದಲಾಯಿಸೋಣ ಎನ್ನುತ್ತಿದ್ದಾರೆ. ಒಪ್ಪಬೇಕೆ ಎಂದು ಕೇಳಿದ್ದೀರಿ.

ಈಗಲೇ ಒಪ್ಪಬೇಡಿ. ಭೋಸರಿಯ ಕಾರ್ಖಾನೆಯೊಂದರಲ್ಲಿ ಎಂಜಿನ್ ಪರೀಕ್ಷೆಯ ಕೆಲಸದಲ್ಲಿರುವ ನಾನು ಇಸಿಎಂ ಕೆಟ್ಟೇ ಇಲ್ಲ ಎಂದು ಹೇಳುತ್ತಿಲ್ಲ. ಅದಕ್ಕೆ ಮೊದಲು ಮಾಡಬೇಕಾದ ಪರೀಕ್ಷೆಗಳಲ್ಲಿ ಒಂದನ್ನೂ ಯಾರೂ ಮಾಡಿದಂತೆ ಕಾಣುವುದಿಲ್ಲ, ಇಲ್ಲಿಯವರೆಗೆ ಆಗಿರುವುದೆಲ್ಲ ಬರೀ ಭಾಗಗಳ ಬದಲಾವಣೆ. ಪಿ0303 ಎಂದರೆ ಮೂರನೆಯ ಸಿಲಿಂಡರಿನಲ್ಲಿ ಮಿಸ್‌ಫೈರ್ ಆಗುತ್ತಿದೆ, ಅಂದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ ಎಂದಷ್ಟೇ ಅರ್ಥ. ಯಾವ ಭಾಗ ಕೆಟ್ಟಿದೆ ಎಂದು ಅದು ಹೇಳುವುದಿಲ್ಲ. ನಾಲ್ಕು ಸಿಲಿಂಡರಿನ ಎಂಜಿನ್‌ನಲ್ಲಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಪ್ರತಿ 180 ಡಿಗ್ರಿ ತಿರುಗುವಷ್ಟರಲ್ಲಿ ಒಂದು ಸಿಲಿಂಡರ್ ಉರಿದು ಅದನ್ನು ಮುಂದಕ್ಕೆ ತಳ್ಳುತ್ತದೆ. ಆ ತಳ್ಳುವಿಕೆ ಒಮ್ಮೆ ತಪ್ಪಿದರೆ ಕ್ರ್ಯಾಂಕಿನ ವೇಗ ತುಸು ಕುಗ್ಗುತ್ತದೆ, ಅದನ್ನು ಕ್ರ್ಯಾಂಕ್ ಸೆನ್ಸರ್ ಮೂಲಕ ಕಂಡುಕೊಂಡು ಯಾರ ಸರದಿಯಲ್ಲಿ ಕುಗ್ಗಿತು ಎಂದು ಇಸಿಎಂ ಲೆಕ್ಕ ಇಡುತ್ತದೆ. ಕಿಡಿ ಬೀಳದಿದ್ದರೂ, ಇಂಧನ ಬರದಿದ್ದರೂ, ವಾಲ್ವ್ ಸರಿಯಾಗಿ ಮುಚ್ಚದೆ ಒತ್ತಡ ಸೋರಿಹೋದರೂ ಅದಕ್ಕೆ ಕಾಣುವುದು ಒಂದೇ ರೀತಿ.

ದೀಪ ಮಿನುಗುವ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸುಮ್ಮನೆ ಉರಿಯುವ ದೀಪಕ್ಕೂ ಮಿನುಗುವ ದೀಪಕ್ಕೂ ವ್ಯತ್ಯಾಸವಿದೆ: ಮಿನುಗುತ್ತಿದೆ ಎಂದರೆ ಉರಿಯದ ಇಂಧನ ಹೊಗೆಯನ್ನು ಶುದ್ಧಮಾಡುವ ಕೆಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು, ಅದನ್ನೇ ಸುಟ್ಟುಹಾಕುವಷ್ಟು ಮಿಸ್‌ಫೈರ್ ಆಗುತ್ತಿದೆ ಎಂದು. ಕನ್ವರ್ಟರ್ ಹೋದರೆ ನೀವು ಇದುವರೆಗೆ ಮಾಡಿರುವ ಖರ್ಚೆಲ್ಲ ಅದರ ಮುಂದೆ ಚಿಕ್ಕದಾಗಿ ಕಾಣುತ್ತದೆ. ಆದ್ದರಿಂದ ದೋಷ ಸಿಗುವವರೆಗೆ ಊರಿಗೆ ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ. ಈ ಕಾರನ್ನು ಘಾಟಿಗೆ ಹತ್ತಿಸಬೇಡಿ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದಿರುವ, ಆದರೆ ಎಲ್ಲಕ್ಕಿಂತ ಮುಖ್ಯವಾದ ಮಾಹಿತಿ ಒಂದಿದೆ. ಈ ನಡುಕ ಬರುವುದು ಪೆಟ್ರೋಲಿನಲ್ಲೋ, ಸಿಎನ್‌ಜಿಯಲ್ಲೋ, ಎರಡರಲ್ಲೂ ಒಂದೇ ತೆರನೋ? ಎರಡು ಇಂಧನದ ಕಾರು ಇರುವವರಿಗೆ ದೊಡ್ಡ ಅನುಕೂಲವೊಂದಿದೆ: ಒಂದೇ ಎಂಜಿನ್‌ಗೆ ಎರಡು ಪ್ರತ್ಯೇಕ ಇಂಧನ ವ್ಯವಸ್ಥೆಗಳಿರುವುದರಿಂದ, ಡ್ಯಾಶ್‌ಬೋರ್ಡಿನ ಸ್ವಿಚ್ ಒತ್ತಿದರೆ ಅರ್ಧ ರೋಗನಿರ್ಣಯ ಪುಕ್ಕಟೆಯಾಗಿ ಆಗಿಬಿಡುತ್ತದೆ. ಎಂಜಿನ್ ಬಿಸಿಯಾದ ಮೇಲೆ ಸ್ವಿಚ್ಚನ್ನು ಪೆಟ್ರೋಲಿಗೆ ಹಾಕಿ ಒಂದು ದಿನ ಪೂರ್ತಿ ಓಡಿಸಿ, ಮರುದಿನ ಸಿಎನ್‌ಜಿಯಲ್ಲಿ ಅದೇ ದಾರಿಯಲ್ಲಿ ಓಡಿಸಿ. ಸಮತಟ್ಟಾದ ದಾರಿಯಾಗಿರಲಿ, ದೀಪ ಮಿನುಗಿದರೆ ಆ್ಯಕ್ಸಿಲರೇಟರ್ ಬಿಟ್ಟು ಅಲ್ಲಿಗೇ ನಿಲ್ಲಿಸಿ. ಬೆಳಿಗ್ಗೆ ತಣ್ಣಗಿರುವ ಎಂಜಿನ್ ಹೇಗೂ ಪೆಟ್ರೋಲಿನಲ್ಲೇ ಶುರುವಾಗಿ ಬಿಸಿಯಾದ ಮೇಲೆ ಅನಿಲಕ್ಕೆ ಬದಲಾಗುತ್ತದೆ ಎಂಬುದೂ ನೆನಪಿರಲಿ. ಬೆಳಗಿನ ನಡುಕ ಪೆಟ್ರೋಲಿನ ನಡುಕ.

ಪೆಟ್ರೋಲಿನಲ್ಲಿ ಮಾತ್ರ ಮಿಸ್ ಆಗುತ್ತಿದ್ದರೆ ಮೂರನೆಯ ಪೆಟ್ರೋಲ್ ಇಂಜೆಕ್ಟರ್ (ಇಂಧನ ಚಿಮ್ಮಿಸುವ ಭಾಗ) ಅಥವಾ ಅದರ ವಯರ್ ಮೇಲೆ ಸಂಶಯ ಪಡಬೇಕು. ಸದಾ ಸಿಎನ್‌ಜಿಯಲ್ಲೇ ಓಡಿದ ಕಾರಿನಲ್ಲಿ ಪೆಟ್ರೋಲ್ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಂತು, ಇಂಜೆಕ್ಟರಿನ ತುದಿಯಲ್ಲಿ ಅಂಟು ಕಟ್ಟಿಕೊಳ್ಳುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ತೇವವನ್ನೂ ಹೀರುತ್ತದೆ. ಸಿಎನ್‌ಜಿಯಲ್ಲಿ ಮಾತ್ರ ಆಗುತ್ತಿದ್ದರೆ ಅನಿಲದ ಫಿಲ್ಟರ್, ಮೂರನೆಯ ಅನಿಲ ಇಂಜೆಕ್ಟರ್, ಅದರ ಪೈಪ್ ನೋಡಬೇಕು. ಜೊತೆಗೆ ಕಿಡಿಯನ್ನೂ ನೋಡಬೇಕು, ಏಕೆಂದರೆ ಅನಿಲ ಹೊತ್ತಿಕೊಳ್ಳಲು ಪೆಟ್ರೋಲಿಗಿಂತ ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ, ಪೆಟ್ರೋಲಿನಲ್ಲಿ ಹೇಗೋ ಸಾಗುವ ದುರ್ಬಲ ಕಿಡಿ ಏರಿನಲ್ಲಿ ಅನಿಲದ ಮೇಲೆ ಕೈಕೊಡುತ್ತದೆ. ಎರಡರಲ್ಲೂ ಒಂದೇ ರೀತಿ ಆಗುತ್ತಿದ್ದರೆ ದೋಷ ಎರಡಕ್ಕೂ ಸಾಮಾನ್ಯವಾದ ಜಾಗದಲ್ಲಿ, ಅಂದರೆ ಕಿಡಿಯಲ್ಲಿ, ಕಂಪ್ರೆಷನ್‌ನಲ್ಲಿ (ಸಿಲಿಂಡರಿನೊಳಗೆ ಏರುವ ಒತ್ತಡದಲ್ಲಿ), ಅಥವಾ ಮುಂದೆ ಹೇಳುವ ವಯರ್ ಜೋಡಣೆಯಲ್ಲಿ ಇದೆ.

ನನ್ನ ಮೊದಲ ಸಂಶಯ ಆ ಜೋಡಣೆಯ ಮೇಲೆಯೇ. ಸೀಕ್ವೆನ್ಷಿಯಲ್ ಕಿಟ್ (ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಇಂಜೆಕ್ಟರಿನಿಂದ ಅನಿಲ ಕೊಡುವಂಥದು) ಹಾಕುವಾಗ ನಾಲ್ಕೂ ಪೆಟ್ರೋಲ್ ಇಂಜೆಕ್ಟರುಗಳ ವಯರ್‌ಗಳನ್ನು ಕತ್ತರಿಸಿ, ನಡುವೆ ಕಿಟ್‌ನ ವಯರ್‌ಗಳನ್ನು ಸೇರಿಸುತ್ತಾರೆ. ಅನಿಲದಲ್ಲಿ ಓಡುವಾಗ ಪೆಟ್ರೋಲ್ ಇಂಜೆಕ್ಟರ್ ನಿಲ್ಲಬೇಕಾದ್ದರಿಂದ ಇದು ಅನಿವಾರ್ಯ. ಒಳ್ಳೆಯ ಫಿಟರ್ ಆ ಜಾಗವನ್ನು ಸೋಲ್ಡರ್ ಮಾಡಿ ಹೀಟ್ ಶ್ರಿಂಕ್ ಸ್ಲೀವ್ ಹಾಕುತ್ತಾನೆ, ಅವಸರದವನು ತಿರುಚಿ ಟೇಪ್ ಸುತ್ತುತ್ತಾನೆ. ನನ್ನ ಸಹೋದ್ಯೋಗಿಯೊಬ್ಬರ ಕಾರಿನಲ್ಲಿ ಇಂಥದೇ ಹಠಮಾರಿ ಮಿಸ್‌ಫೈರ್ ಇದ್ದಾಗ ನಾವು ಬ್ಯಾಟರಿಯ ಹಿಂದಿನ ವಯರ್ ಗುಚ್ಛವನ್ನು ಬಿಡಿಸಿದೆವು. ಬಿಸಿಗೆ ಜಿಗುಟಾದ ಕಪ್ಪು ಟೇಪನ್ನು ಸುಲಿದಾಗ ಒಳಗಿನ ತಾಮ್ರ ಹಸಿರು ಪುಡಿಯಾಗಿತ್ತು, ಎರಡು ಮೂರು ಎಳೆಗಳು ಮಾತ್ರ ಒಂದನ್ನೊಂದು ತಾಗಿಕೊಂಡಿದ್ದವು. ಪುಣೆಯ ನಾಲ್ಕು ತಿಂಗಳ ಮಳೆ, ಎಂಜಿನ್‌ನ ಬಿಸಿ, ಸದಾ ಇರುವ ಅದುರುವಿಕೆ ಇಷ್ಟು ಸೇರಿದರೆ ಆ ಜೋಡಣೆ ಹೀಗಾಗುವುದರಲ್ಲಿ ಆಶ್ಚರ್ಯವಿಲ್ಲ. ದೋಷ ಇಂಜೆಕ್ಟರ್ ಕಡೆಯ ತುದಿಯಲ್ಲಿದ್ದರೆ ಪೆಟ್ರೋಲಿನಲ್ಲಿ ಮಾತ್ರ ಮಿಸ್ ಆಗುತ್ತದೆ. ಇಸಿಎಂ ಕಡೆಯ ತುದಿಯಲ್ಲಿದ್ದರೆ ಕಿಟ್‌ಗೆ ಹೋಗುವ ಸಂಕೇತವೂ ಕಡಿದುಹೋಗುವುದರಿಂದ ಎರಡರಲ್ಲೂ ಆಗುತ್ತದೆ. ಇಂಥ ಕಾರಿನಲ್ಲಿ ಹೊಸ ಇಸಿಎಂ ಹಾಕಿಸಿದರೂ ಅದೇ ಹಳಸಿದ ವಯರಿನ ಮೂಲಕವೇ ಅದು ಕೆಲಸ ಮಾಡಬೇಕಾಗುತ್ತದೆ. ಎಂಜಿನ್ ಐಡಲ್‌ನಲ್ಲಿ, ಅಂದರೆ ಆ್ಯಕ್ಸಿಲರೇಟರ್ ಒತ್ತದೆ ನಿಂತಲ್ಲೇ, ಓಡುತ್ತಿರುವಾಗ ಆ ಗುಚ್ಛವನ್ನು ಮೆಲ್ಲಗೆ ಅಲುಗಾಡಿಸಿ; ಬೆಲ್ಟ್ ಮತ್ತು ಫ್ಯಾನ್‌ನಿಂದ ಕೈ ದೂರವಿರಲಿ. ನಡುಕ ಹೆಚ್ಚು ಕಡಿಮೆಯಾದರೆ ಜಾಗ ಸಿಕ್ಕಿತು. ನೆಲಮಾಳಿಗೆಯಲ್ಲಿ ಪಾರ್ಕ್ ಮಾಡುವವರು ಇಲಿ ಕಡಿದ ಗುರುತನ್ನೂ ಹುಡುಕಬೇಕು.

ಕಾಯಿಲ್ ಹೊಸದು ಎಂಬ ಕಾರಣಕ್ಕೆ ಅದನ್ನು ಸಂಶಯದಿಂದ ಬಿಡಬೇಡಿ. ಮೂರನೆಯ ಸಿಲಿಂಡರಿನ ಕಾಯಿಲನ್ನು ಎರಡನೆಯದಕ್ಕೆ, ಎರಡನೆಯದನ್ನು ಮೂರಕ್ಕೆ ಹಾಕಿ ಓಡಿಸಿ. ಕೋಡ್ ಪಿ0302ಕ್ಕೆ ಸರಿದರೆ ಕಾಯಿಲ್ ತಪ್ಪಿತಸ್ಥ. ಪಿ0303ರಲ್ಲೇ ಉಳಿದರೆ ಕಾಯಿಲ್ ನಿರಪರಾಧಿ. ಪ್ಲಗ್‌ಗೂ ಹಾಗೆಯೇ ಮಾಡಿ, ಆದರೆ ಎರಡನ್ನೂ ಒಟ್ಟಿಗೆ ಸರಿಸಬೇಡಿ. ಪ್ಲಗ್ ಕೈಯಲ್ಲಿರುವಾಗ ಅದರ ಬಿಳಿ ಪಿಂಗಾಣಿಯನ್ನು ಟಾರ್ಚ್ ಬೆಳಕಿನಲ್ಲಿ ತಿರುಗಿಸಿ ನೋಡಿ. ಲೋಹದ ಭಾಗದಿಂದ ಮೇಲಿನ ತುದಿಯವರೆಗೆ ಪೆನ್ಸಿಲ್ ಗೀಚಿದಂಥ ಕಪ್ಪು ಗೆರೆ ಕಂಡರೆ, ಕಿಡಿ ಸಿಲಿಂಡರಿನ ಒಳಗೆ ಬೀಳುವ ಬದಲು ಹೊರಮೈಯ ಮೇಲಿಂದ ಹರಿದು ಹೋಗುತ್ತಿದೆ. ಅದಕ್ಕೆ ಎದುರಾಗಿ ಕಾಯಿಲಿನ ರಬ್ಬರ್ ಬೂಟಿನ ಒಳಗೂ ಅಂಥದೇ ಗೆರೆ ಇರುತ್ತದೆ. ಬೂಟನ್ನು ಉಳಿಸಿಕೊಂಡು ಪ್ಲಗ್ ಮಾತ್ರ ಬದಲಾಯಿಸಿದರೆ ಹೊಸ ಪ್ಲಗ್ಗಿಗೂ ಅದೇ ಗತಿ. ಪ್ಲಗ್ ಇಳಿಯುವ ಗುಂಡಿಯಲ್ಲಿ ಎಣ್ಣೆ ನಿಂತಿದ್ದರೆ ಮೇಲಿನ ಕವರಿನ ಗ್ಯಾಸ್ಕೆಟ್ ಸೋರುತ್ತಿದೆ. ಸಿಎನ್‌ಜಿ ಕಾರಿಗೆ ಪ್ಲಗ್‌ನ ಗ್ಯಾಪ್ ಪೆಟ್ರೋಲಿನದ್ದಕ್ಕಿಂತ ಸ್ವಲ್ಪ ಕಡಿಮೆ ಇಡುತ್ತಾರೆ. ನಿಮ್ಮ ಪ್ಲಗ್‌ಗಳನ್ನು ಫೀಲರ್ ಗೇಜ್ ಹಾಕಿ ಅಳೆದು ಕೂರಿಸಿದ್ದಾರೆಯೇ ಎಂದು ಕೇಳಿ.

ಸ್ಕ್ಯಾನರಿನ ವಿಷಯ. ಕೋಡ್ ಅಳಿಸುವ ಮೊದಲು ಫ್ರೀಜ್ ಫ್ರೇಮ್ ಓದಿಸಿ, ಮಿಸ್ ಆದ ಕ್ಷಣದ ಆರ್‌ಪಿಎಂ, ಲೋಡ್, ಕೂಲಂಟ್‌ನ ಉಷ್ಣತೆ ಅದರಲ್ಲಿ ದಾಖಲಾಗಿರುತ್ತವೆ. ಫ್ಯೂಯೆಲ್ ಟ್ರಿಮ್ (ಇಸಿಎಂ ಇಂಧನವನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿ) ಐಡಲ್‌ನಲ್ಲಿ ಶೇಕಡಾ 10ಕ್ಕಿಂತ ಮೇಲಿದ್ದು 2500 ಆರ್‌ಪಿಎಂನಲ್ಲಿ ಇಳಿದರೆ ಎಲ್ಲೋ ಗಾಳಿ ಸೋರಿ ಒಳಗೆ ಬರುತ್ತಿದೆ. ಮೂರನೆಯ ಸಿಲಿಂಡರಿನ ಹತ್ತಿರದ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಮತ್ತು ಕಿಟ್‌ನವರು ಅನಿಲದ ನಳಿಕೆ ಕೂರಿಸಲು ಕೊರೆದ ತೂತನ್ನು ನೋಡಬೇಕು. ಲೋಡ್ ಹೆಚ್ಚಿದಂತೆ ಟ್ರಿಮ್ ಏರಿದರೆ ಪೆಟ್ರೋಲ್ ಪಂಪ್ ಅಥವಾ ಫಿಲ್ಟರ್.

ಇಷ್ಟೆಲ್ಲ ಸರಿಯಿದ್ದೂ ಕೋಡ್ ಮೂರರಲ್ಲೇ ಉಳಿದರೆ, ಬೇರೇನೂ ಖರೀದಿಸುವ ಮೊದಲು ಕಂಪ್ರೆಷನ್ ಪರೀಕ್ಷೆ ಮಾಡಿಸಲೇಬೇಕು. ಸಿಎನ್‌ಜಿಯಲ್ಲಿ ಹೆಚ್ಚು ಓಡಿದ ಎಂಜಿನ್‌ಗಳಲ್ಲಿ ವಾಲ್ವ್ ಸೀಟ್ (ವಾಲ್ವ್ ಕೂತು ಮುಚ್ಚುವ ಅಂಚು) ಸವೆಯುವುದು ಈ ಕೆಲಸದವರಿಗೆಲ್ಲ ಗೊತ್ತಿರುವ ಸಂಗತಿ. ಒಣ ಅನಿಲದಲ್ಲಿ ಪೆಟ್ರೋಲಿನಷ್ಟು ರಕ್ಷಣೆ ಸಿಗದೆ ಸೀಟ್ ಸವೆದು, ವಾಲ್ವ್ ಹೆಡ್ಡಿನೊಳಕ್ಕೆ ಸರಿಯುತ್ತಾ ಹೋಗುತ್ತದೆ, ಟ್ಯಾಪೆಟ್ ಕ್ಲಿಯರೆನ್ಸ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ಕಡಿಮೆಯಾಗುತ್ತದೆ. ಕೊನೆಗೆ ಕ್ಲಿಯರೆನ್ಸ್ ಉಳಿಯದೆ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ. ಐಡಲ್‌ನಲ್ಲಿ ಒತ್ತಡ ಸೋರಲು ಸಮಯ ಜಾಸ್ತಿ ಸಿಗುವುದರಿಂದ ಸಿಗ್ನಲ್‌ನಲ್ಲಿ ನಡುಕ ಹೆಚ್ಚು, ವೇಗದಲ್ಲಿ ಕಡಿಮೆ. ಇದೇ ದೋಷವಾಗಿದ್ದರೆ ಕ್ಲಿಯರೆನ್ಸ್ ಹೊಂದಿಸುವುದರಲ್ಲೋ, ಹೆಚ್ಚೆಂದರೆ ಹೆಡ್ ಕೆಲಸದಲ್ಲೋ ಮುಗಿಯುತ್ತದೆ. ಇಸಿಎಂಗೂ ಅದಕ್ಕೂ ಸಂಬಂಧವೇ ಇಲ್ಲ.

ಪರೀಕ್ಷೆ ಸರಿಯಾಗಿ ಆಗುತ್ತಿದೆಯೇ ಎಂದು ನೀವೇ ಪಕ್ಕದಲ್ಲಿ ನಿಂತು ನೋಡಬಹುದು. ಎಂಜಿನ್ ಬಿಸಿಯಾಗಿರಬೇಕು, ನಾಲ್ಕೂ ಪ್ಲಗ್ ಹೊರಗಿರಬೇಕು, ಇಂಧನ ಮತ್ತು ಕಿಡಿ ಎರಡನ್ನೂ ಕಡಿದಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು, ಬ್ಯಾಟರಿ ಗಟ್ಟಿಯಿರಬೇಕು. ಗೇಜಿನ ಮುಳ್ಳು ಏರುವುದು ನಿಲ್ಲುವವರೆಗೆ ಸ್ಟಾರ್ಟರ್ ತಿರುಗಿಸಿ, ನಾಲ್ಕು ಅಂಕಿಗಳನ್ನೂ ಬರೆದುಕೊಳ್ಳಿ. ನಾಲ್ಕರ ನಡುವಿನ ವ್ಯತ್ಯಾಸ ಮುಖ್ಯ. ಮೂರನೆಯದು ಉಳಿದವುಗಳಿಗಿಂತ ಶೇಕಡಾ 15ಕ್ಕೂ ಹೆಚ್ಚು ಕಡಿಮೆಯಿದ್ದರೆ ಕಾರಣ ಅಲ್ಲಿದೆ. ಆಗ ಪ್ಲಗ್ ಗುಂಡಿಯಿಂದ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಬೇಕು. ಅಂಕಿ ಚೆನ್ನಾಗಿ ಏರಿದರೆ ಪಿಸ್ಟನ್ ರಿಂಗ್ ಸವೆದಿವೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ತೋರಿಸಿದರೆ ಅವುಗಳ ನಡುವಿನ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಹೆಚ್ಚು. ಕಂಪ್ರೆಸರ್ ಇರುವ ಗ್ಯಾರೇಜಾದರೆ ಮೂರನೆಯ ಸಿಲಿಂಡರಿನ ಎಲ್ಲ ವಾಲ್ವ್ ಮುಚ್ಚಿರುವ ಸ್ಥಿತಿಯಲ್ಲಿ ಗಾಳಿ ತುಂಬಿಸಿ ಕಿವಿಗೊಡಿ: ಸುಯ್ ಎಂಬ ಸದ್ದು ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಥ್ರಾಟಲ್ ಬಾಡಿಯಲ್ಲಿ ಕೇಳಿದರೆ ಇನ್ಟೇಕ್ ವಾಲ್ವ್, ಆಯಿಲ್ ಹಾಕುವ ಬಾಯಿಯಲ್ಲಿ ಕೇಳಿದರೆ ರಿಂಗ್, ಕೂಲಂಟ್‌ನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್.

ಇಸಿಎಂ ಮೇಲೆ ಸಂಶಯ ಪಡಲು ನನಗೆ ಒಪ್ಪಿಗೆಯಾಗುವ ಸಾಕ್ಷ್ಯ ಒಂದೇ: ಕಂಪ್ರೆಷನ್ ಸರಿಯಿದ್ದು, ಇಸಿಎಂನಿಂದ ಇಂಜೆಕ್ಟರ್ ಮತ್ತು ಕಾಯಿಲ್‌ವರೆಗೆ ವಯರ್ ಅಖಂಡವಾಗಿದೆ ಎಂದು ಮಲ್ಟಿಮೀಟರಿನಲ್ಲಿ ತೋರಿಸಿದ ಮೇಲೂ, ಇಸಿಎಂನ ಪಿನ್ನಿನಲ್ಲೇ ಮೂರನೆಯ ಸಂಕೇತ ಕಾಣದಿರುವುದು. ಅದನ್ನು ಟೆಸ್ಟ್ ಲ್ಯಾಂಪಿನಲ್ಲೋ ಆಸಿಲೋಸ್ಕೋಪಿನಲ್ಲೋ ನಿಮ್ಮ ಕಣ್ಣೆದುರೇ ತೋರಿಸುವಂತೆ ಕೇಳಿ. ಕಾರು ಮಾರಿದ ಡೀಲರ್ ಎಂಜಿನ್‌ಗೆ ವಾರಂಟಿ ಕೊಟ್ಟಿದ್ದರೆ, ಅದರ ಅವಧಿ ಮುಗಿಯುವ ಮೊದಲೇ ಕಂಪ್ರೆಷನ್ ಅಂಕಿಗಳನ್ನು ಜಾಬ್ ಕಾರ್ಡಿನಲ್ಲಿ ದಿನಾಂಕ ಸಹಿತ ಬರೆಸಿಕೊಳ್ಳಿ. ಆ ನಾಲ್ಕು ಅಂಕಿಗಳನ್ನೂ, ಪೆಟ್ರೋಲ್ ಮತ್ತು ಸಿಎನ್‌ಜಿಯಲ್ಲಿ ಓಡಿಸಿದಾಗ ಕಂಡದ್ದನ್ನೂ ಇಲ್ಲಿ ಬರೆದರೆ, ಮುಂದೆ ಯಾವ ಭಾಗವನ್ನು ಬಿಚ್ಚಬೇಕು ಎಂದು ನಾನು ಖಂಡಿತ ನೋಡಿ ಹೇಳುತ್ತೇನೆ.