ಚೇಲೆಯ ಕೆಂಪು ಏಕೆ ಕೂರುತ್ತಿಲ್ಲ?

ಪ್ರಶ್ನೆ: ಹಳೆಯ ಫೋಟೊ ನೋಡಿಕೊಂಡು ನಮ್ಮ ಅಜ್ಜನ ತೈಲಚಿತ್ರ ಬರೆಯುತ್ತಿದ್ದೇನೆ. ಕೊಡವರ ಉಡುಪಿನ ಕಪ್ಪು ಕುಪ್ಯ, ಅಂದರೆ ನಿಲುವಂಗಿ, ಚೆನ್ನಾಗಿ ಬಂದಿದೆ. ಅದರ ಮೇಲೆ ಸೊಂಟಕ್ಕೆ ಸುತ್ತುವ ಕೆಂಪು ರೇಷ್ಮೆ ಪಟ್ಟಿಗೆ, ಅಂದರೆ ಚೇಲೆಗೆ, ಅಲಿಝರಿನ್ ಕ್ರಿಮ್ಸನ್ ಎಂಬ ಕಡುಗೆಂಪು ಹಚ್ಚಿದರೆ ಕಪ್ಪು ಇಣುಕುತ್ತದೆ. ದಪ್ಪಗೆ ಹಚ್ಚಿದರೆ ಒಣಗಿದ ರಕ್ತದಂತೆ ಕಾಣುತ್ತದೆ, ಬಿಳಿ ಬೆರೆಸಿದರೆ ಗುಲಾಬಿಯಾಗುತ್ತದೆ. ಏನು ಮಾಡಲಿ?
– ಓದುಗರು, ವಿರಾಜಪೇಟೆ

ಉತ್ತರ: ಇದು ನಿಮ್ಮ ಕೈಯ ದೋಷವಲ್ಲ, ಆ ಬಣ್ಣದ ಗುಣ. ಕ್ರಿಮ್ಸನ್ ಪಾರದರ್ಶಕ. ಅದರ ಕಣಗಳೂ ಅಗಸೆ ಎಣ್ಣೆಯೂ ಬೆಳಕನ್ನು ಹೆಚ್ಚುಕಡಿಮೆ ಒಂದೇ ರೀತಿ ಬಾಗಿಸುವುದರಿಂದ ಬೆಳಕು ಪದರವನ್ನು ದಾಟಿ ಕೆಳಗಿಳಿಯುತ್ತದೆ. ಅಡಿಯಲ್ಲಿ ಕಪ್ಪಿದ್ದರೆ ಅಲ್ಲಿಯೇ ಇಂಗಿಹೋಗುತ್ತದೆ. ಬಿಳಿಯೇನೋ ಮುಚ್ಚುತ್ತದೆ, ಆದರೆ ಕೆಂಪಿನ ಕಾವನ್ನೇ ತಿನ್ನುತ್ತದೆ.

ಮುಚ್ಚುವ ಕೆಲಸ ಒಂದು ಬಣ್ಣಕ್ಕಿರಲಿ, ಆಳ ಕೊಡುವ ಕೆಲಸ ಇನ್ನೊಂದಕ್ಕೆ. ದಪ್ಪಗೆ ನಿಂತ ಕ್ರಿಮ್ಸನ್ನನ್ನು ಚಾಕುವಿನಿಂದ ಕೆರೆದು ತೆಗೆಯಿರಿ. ಕಪ್ಪು ಚೆನ್ನಾಗಿ ಒಣಗಿದ ಮೇಲೆ ಚೇಲೆಯ ಜಾಗಕ್ಕೆ ಮಾತ್ರ ಟೈಟಾನಿಯಂ ಬಿಳಿ ತೆಳುವಾಗಿ ಹಚ್ಚಿ, ಅದು ಒಣಗಿದ ನಂತರ ಕ್ಯಾಡ್ಮಿಯಂ ಕೆಂಪನ್ನು, ಕಿತ್ತಳೆಯತ್ತ ವಾಲುವ ತಿಳಿಗೆಂಪನ್ನು, ಹಚ್ಚಿ. ಈ ಹಂತದಲ್ಲಿ ಅದು ಅತಿಯಾಗಿ ಕೂಗುವಂತೆ ಕಾಣುತ್ತದೆ, ಹೆದರಬೇಡಿ. ಟ್ಯೂಬಿನ ಮೇಲೆ ‘ಹ್ಯೂ’ ಎಂದಿದ್ದರೆ ಅದು ಬದಲಿ ಬಣ್ಣ. ಮೊದಲು ಕಾಗದದ ಮೇಲೆ ಕಪ್ಪು ಗೆರೆ ಎಳೆದು ಅದರ ಮೇಲೆ ಹಚ್ಚಿ ನೋಡಿ; ಗೆರೆ ಕಂಡರೆ ಅಡಿಪದರಕ್ಕೆ ಬೇಡ.

ಆಮೇಲೆ ಕ್ರಿಮ್ಸನ್‌ಗೆ ಒಂದೆರಡು ಹನಿ ಅಗಸೆ ಎಣ್ಣೆ ಬೆರೆಸಿ, ಗಾಜಿನಂತೆ ತೆಳುವಾಗಿ ಸವರಿ. ಬೆಳಕು ಅದನ್ನು ದಾಟಿ ತಿಳಿಗೆಂಪಿಗೆ ತಾಗಿ ಮರಳುವಾಗ ರೇಷ್ಮೆ ಹೊಳೆಯುತ್ತದೆ. ಮಡಿಕೆಯ ಸಂದಿಗಳಲ್ಲಿ ಇನ್ನೆರಡು ಪದರ ಕೊಡಿ. ಮಡಿಕೆಯ ಏರಿನಲ್ಲಿ ಬಟ್ಟೆಯಿಂದ ಒರೆಸಿ, ಅಡಿಯ ಕೆಂಪು ಕಾಣಲಿ. ಹಳೆಯ ಬಗೆಯ ಅಲಿಝರಿನ್ ಬೆಳಕಿಗೆ ಮಾಸುತ್ತದೆ, ತೆಳುಪದರದಲ್ಲಿ ಇನ್ನೂ ಬೇಗ. ಅಜ್ಜನ ಚಿತ್ರ ಮೊಮ್ಮಕ್ಕಳ ಕಾಲಕ್ಕೂ ಉಳಿಯಬೇಕಲ್ಲವೇ? ಈ ತೆಳುಪದರಕ್ಕೆ ಅದರ ಬದಲು ಕ್ವಿನಾಕ್ರಿಡೋನ್ ಕೆಂಪನ್ನೇ ಕೊಳ್ಳಿ. ಟ್ಯೂಬಿನಲ್ಲಿ ಪಿವಿ 19 (PV19) ಎಂಬ ಬಣ್ಣದ ಸಂಕೇತ ನೋಡಿ ಕೊಳ್ಳಿ.

ನಿಮ್ಮ ಊರಿನ ಜುಲೈ ಮಳೆಯಲ್ಲಿ ಆತುರ ಬೇಡ. ಎಣ್ಣೆಬಣ್ಣ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವಂಥದ್ದು. ಥಂಡಿ, ತೇವದಲ್ಲಿ ಅದು ಬಹಳ ನಿಧಾನ. ಉಗುರು ಊರಿದರೆ ಗುರುತು ಬೀಳಬಾರದು, ಅಲ್ಲಿಯವರೆಗೆ ಮುಂದಿನ ಪದರ ಬೇಡ. ಬೇಗ ಒಣಗಲೆಂದು ಎಣ್ಣೆಬಣ್ಣದ ಮೇಲೆ ಅಕ್ರಿಲಿಕ್ ಹಚ್ಚಿದರೆ ಮುಂದೆ ಕಿತ್ತು ಬರುತ್ತದೆ.

ಜರಿ ಕಟ್ಟಕಡೆಗೆ: ಯೆಲ್ಲೋ ಓಕರ್‌ಗೆ ಚೂರು ಬಿಳಿ ಬೆರೆಸಿ, ಒಣಗಿದ ಕೆಂಪಿನ ಮೇಲೆ ದಪ್ಪ ಚುಕ್ಕೆಗಳಾಗಿ ಇಡಿ.