ಯುದ್ಧ ಶುರುವಾದ ಮೇಲೆ ಆಟಗಾರನ ಕೈಯಲ್ಲಿ ಎಷ್ಟಿರಬೇಕು?

ನಮಸ್ಕಾರ. ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಇಬ್ಬರು ಗೆಳೆಯರ ಜೊತೆ ಗೊಡೋ ಅನ್ನೋ ಗೇಮ್ ಕಟ್ಟೋ ಸಾಫ್ಟ್‌ವೇರ್‌ನಲ್ಲಿ ಫ್ಯಾಂಟಸಿ ಸ್ಟ್ರಾಟೆಜಿ ಗೇಮ್ ಕಟ್ತಿದ್ದೀರಿ. ಒಂದೊಂದು ಕಡೆ ಎಂಟು ತುಕಡಿ. ಒಬ್ಬ ಗೆಳೆಯನಿಗೆ ಪ್ರತಿ ಸೈನಿಕನನ್ನೂ ತಾನೇ ನಡೆಸಬೇಕು, ಇನ್ನೊಬ್ಬನಿಗೆ ಮೊದಲೇ ಆಜ್ಞೆ ಕೊಟ್ಟು ಕೂತು ನೋಡಬೇಕು. ಮಧ್ಯೆ ಸಿಕ್ಕಿಹಾಕಿಕೊಂಡು, ಯುದ್ಧದಲ್ಲಿ ಆಟಗಾರನಿಗೆ ಎಷ್ಟು ಕಂಟ್ರೋಲ್ ಕೊಡಬೇಕು ಅಂತ ನೀವು ಕೇಳ್ತಿದ್ದೀರಿ.

ಇಲ್ಲಿ ಉತ್ತರ ಕೊಟ್ಟವರಲ್ಲಿ ಹೆಚ್ಚಿನವರು "ಕಂಟ್ರೋಲ್ ಜಾಸ್ತಿ ಇದ್ದಷ್ಟೂ ಒಳ್ಳೇದು" ಅಂದಿದ್ದಾರೆ. ನಾನು ಒಪ್ಪಲ್ಲ. ಆಟಗಾರನ ಕೈಗೆ ಕಡಿಮೆ ಕೊಟ್ಟರೂ ಪರವಾಗಿಲ್ಲ, ಆದರೆ ಕೈಗೆ ಎಷ್ಟು ಕಡಿಮೆ ಮಾಡ್ತೀರೋ ಕಣ್ಣಿಗೆ ಅಷ್ಟು ಜಾಸ್ತಿ ಕೊಡಬೇಕು. ಸೋತವನು "ನಾನು ತಪ್ಪಿದ್ದು ಇಲ್ಲಿ" ಅಂತ ಬೆರಳಿಟ್ಟು ತೋರಿಸೋ ಹಾಗಿರಬೇಕು. ನಾನು ನೋಡೋದು ಅದೊಂದನ್ನೇ.

ಡೊಮಿನಿಯನ್ಸ್ ಆಡಿದ್ದೀರಾ? ಸ್ವೀಡನ್ನಿನ ಇಲ್‌ವಿಂಟರ್ ಅನ್ನೋ ಪುಟ್ಟ ಕಂಪನಿಯದ್ದು, ಇಬ್ಬರೇ ಸೇರಿ ಬೆಳೆಸಿದ ಫ್ಯಾಂಟಸಿ ಯುದ್ಧದ ಆಟ. ಆರನೇ ಭಾಗ 2024ರಲ್ಲಿ ಬಂತು. ಅದರಲ್ಲಿ ಕೈಲಾಸ, ಲಂಕಾ ಅನ್ನೋ ರಾಷ್ಟ್ರಗಳೂ ಇವೆ, ವಾನರರು ರಾಕ್ಷಸರು ಎಲ್ಲ ಬರ್ತಾರೆ. ಯುದ್ಧ ಶುರುವಾದ ಮೇಲೆ ಅಲ್ಲಿ ನೀವು ಒಂದು ಬೆರಳೂ ಆಡಿಸೋ ಹಾಗಿಲ್ಲ. ಮೊದಲೇ ಯಾರು ಎಲ್ಲಿ ನಿಲ್ಲಬೇಕು ಅಂತ ಇಡಬೇಕು, ತುಕಡಿಗೆ ಒಂದು ಆಜ್ಞೆ ಕೊಡಬೇಕು, ನಾಯಕರಿಗೆ ಮೊದಲ ಐದು ಸುತ್ತು ಏನು ಮಾಡಬೇಕು ಅಂತ ಬರೆದಿಡಬೇಕು. ಅಲ್ಲಿಂದ ಮುಂದೆ ಅವರಿಷ್ಟ.

ಕೈಲಾಸ ಹಿಡಿದು ಆಡಿದಾಗ ಮರ್ಕಟ ಬಿಲ್ಲುಗಾರರನ್ನು ಕಾಲಾಳುಗಳ ಬೆನ್ನಿಗೇ ನಿಲ್ಲಿಸಿ, "ಹತ್ತಿರದ ಶತ್ರುವಿಗೆ ಹೊಡೆಯಿರಿ" ಅಂತ ಬಿಟ್ಟಿದ್ದೆ. ಮೊದಲ ಎರಡು ಸುತ್ತು ಚೆನ್ನಾಗಿತ್ತು. ಎರಡೂ ಕಡೆಯವರು ಕೈ ಕೈ ಮಿಲಾಯಿಸಿದ ಮೇಲೆ ಗುರಿ ತಪ್ಪಿದ ಬಾಣವೆಲ್ಲ ನಮ್ಮವರ ಬೆನ್ನಿಗೇ ಬೀಳೋಕೆ ಶುರುವಾಯ್ತು. ಅಷ್ಟರಲ್ಲಿ ದೊಡ್ಡ ಮಂತ್ರಗಳನ್ನೇ ಒಂದರ ಮೇಲೊಂದು ಹಾಕಿದ್ದ ಮಂತ್ರವಾದಿಗೆ ದಣಿವಿನ ಅಂಕ 100 ದಾಟಿ ಪ್ರಜ್ಞೆ ತಪ್ಪಿತು. ಸೋತೆ. ಆದರೆ ಆ ಯುದ್ಧವನ್ನು ಮತ್ತೆ ಹಾಕಿ ಮೂರು ಸಲ ನೋಡಿದೆ. ಯಾವ ಬಾಣ ಯಾರಿಗೆ ತಾಗಿತು, ದಣಿವು ಯಾವ ಸುತ್ತಿನಲ್ಲಿ ಎಷ್ಟೇರಿತು, ಎಲ್ಲ ಕಣ್ಣೆದುರಿಗಿತ್ತು. ಮುಂದಿನ ಸಲ ಬಿಲ್ಲುಗಾರರನ್ನು ಪಕ್ಕಕ್ಕೆ ಸರಿಸಿ "ಶತ್ರುವಿನ ಬಿಲ್ಲುಗಾರರಿಗೆ ಹೊಡೆಯಿರಿ" ಅಂದೆ, ಮಂತ್ರಗಳ ಮಧ್ಯೆ ಒಂದೆರಡು ಹಗುರವಾದದ್ದು ಸೇರಿಸಿದೆ. ಕಂಟ್ರೋಲ್ ಸೊನ್ನೆಯಾದರೂ ಸೋಲು ಮಾತ್ರ ಪೂರ್ತಿ ನನ್ನದೇ ಅಂತ ಗೊತ್ತಾಯ್ತಲ್ಲ, ಅದಕ್ಕೇ ಮತ್ತೆ ಆಡೋಕೆ ಕೂತೆ.

ಇನ್ನೊಂದು ತುದಿಗೆ ಟೋಟಲ್ ವಾರ್ ವಾರ್‌ಹ್ಯಾಮರ್ ಇದೆ. ಒಂದು ಸೈನ್ಯದಲ್ಲಿ 20 ತುಕಡಿ, ಎಲ್ಲವೂ ನಿಮ್ಮ ಮೌಸ್‌ಗೆ ಕಾಯ್ತಿರುತ್ತೆ. ಕುದುರೆ ಸವಾರರನ್ನು ನುಗ್ಗಿಸಿ, ವಾಪಸ್ ಎಳೆದು, ಮತ್ತೆ ನುಗ್ಗಿಸಬೇಕು, ಆಗಲೇ ಅವರ ಪೆಟ್ಟಿಗೆ ಬೆಲೆ. ಆದರೆ ಅತ್ತ ಎರಡು ಸಲ ಕಣ್ಣಿಟ್ಟರೆ ಇತ್ತ ಎಡಪಕ್ಕದ ಬಿಲ್ಲುಗಾರರ ಮೇಲೆ ಯಾರೋ ಬಿದ್ದಿರ್ತಾರೆ. ಅಲ್ಲಿ ನಿಜವಾಗಿ ಕೊರತೆ ಇರೋದು ಗಮನದ್ದು. ಆಟ ನಿಲ್ಲಿಸಿ ಆಜ್ಞೆ ಕೊಡೋ ಸೌಲಭ್ಯ ಇಲ್ಲದಿದ್ದರೆ ನನ್ನಂಥವರು ಅದನ್ನು ಆಡೋದೇ ಕಷ್ಟವಾಗ್ತಿತ್ತು. ಪೂರ್ತಿ ಕಂಟ್ರೋಲ್ ಕೇಳ್ತಿರೋ ನಿಮ್ಮ ಗೆಳೆಯನಿಗೆ ಇದನ್ನು ಹೇಳಿ: ನಡೆಸಬೇಕಾದದ್ದು ಜಾಸ್ತಿಯಾದಷ್ಟೂ ಆಟ ಯೋಚನೆಯಿಂದ ಬೆರಳಿನ ವೇಗದ ಕಡೆಗೆ ಜಾರುತ್ತೆ. ವೇಗದ ಆಟವೇ ಬೇಕು ಅಂತಿದ್ದರೆ ಸರಿ, ಅದು ತಪ್ಪಲ್ಲ. ಆದರೆ ತಿಳಿದು ಆರಿಸಿಕೊಳ್ಳಿ.

2002ರ ವಾರ್‌ಕ್ರಾಫ್ಟ್ 3 ಈ ವಿಷಯದಲ್ಲಿ ತುಂಬಾ ಜಾಣ. ಒಂದು ಸಲಕ್ಕೆ 12 ಜನರನ್ನು ಮಾತ್ರ ಆರಿಸಿಕೊಳ್ಳಬಹುದು. ಪಾದ್ರಿಯ ಗಾಯ ವಾಸಿಮಾಡೋ ಮಂತ್ರದ ಮೇಲೆ ರೈಟ್ ಕ್ಲಿಕ್ ಮಾಡಿದರೆ ಮುಂದೆ ಅವನೇ ಯಾರಿಗೆ ಪೆಟ್ಟಾಗಿದೆ ನೋಡಿ ಹಾಕ್ತಾ ಹೋಗ್ತಾನೆ. ಆದರೆ ಆರ್ಚ್‌ಮೇಜ್ ಅನ್ನೋ ಮಂತ್ರವಾದಿ ನಾಯಕನ ಹಿಮದ ಮಳೆ ಎಲ್ಲಿ ಸುರೀಬೇಕು ಅನ್ನೋದು ನಿಮ್ಮ ಕೈಯಲ್ಲೇ. ಈ ಗೆರೆ ಎಲ್ಲಿ ಎಳೆದಿದ್ದಾರೆ ನೋಡಿ. ಪ್ರತಿ ಸಲವೂ ಉತ್ತರ ಒಂದೇ ಆಗಿರೋ ಕೆಲಸ ಯಂತ್ರಕ್ಕೆ, ಸಂದರ್ಭ ನೋಡಿ ಉತ್ತರ ಬದಲಾಗೋ ಕೆಲಸ ಮನುಷ್ಯನಿಗೆ. ನಿಮ್ಮ ಆಟದ ಒಂದೊಂದು ಆಜ್ಞೆಯನ್ನೂ ಈ ಜರಡಿಯಲ್ಲಿ ಹಾಕಿ.

ಫ್ಯಾಂಟಸಿ ಆಗಿರೋದರಿಂದ ನಿಮಗೊಂದು ಅನುಕೂಲ ಇದೆ, ಇದನ್ನು ಕೈಬಿಡಬೇಡಿ. ಎಲ್ಲರೂ ಒಂದೇ ಥರ ಮಾತು ಕೇಳಬೇಕಾಗಿಲ್ಲ. ವಾರ್‌ಹ್ಯಾಮರ್‌ನಲ್ಲಿ ವ್ಯಾಂಪೈರ್‌ಗಳ ಹೆಣದ ಸೈನ್ಯ ಹೆದರಿ ಓಡಲ್ಲ, ಧೈರ್ಯ ಮುಗಿದರೆ ನಿಂತಲ್ಲೇ ಪುಡಿಪುಡಿಯಾಗುತ್ತೆ. ಲಿಜರ್ಡ್‌ಮೆನ್ ಅಂದರೆ ಹಲ್ಲಿಮನುಷ್ಯರ ಕಡೆಯ ಕೆಲವು ಪ್ರಾಣಿಗಳು ಗಾಯವಾದರೆ ರೊಚ್ಚಿಗೆದ್ದು, ಆಜ್ಞೆ ಕೇಳದೆ ಹತ್ತಿರದ ಶತ್ರುಗಳ ಮೇಲೆ ಬೀಳ್ತವೆ. ಆಗ ಆಟಗಾರನಿಗೆ ಸಿಟ್ಟು ಬರಲ್ಲ, ಯಾಕಂದರೆ ಆ ಪ್ರಾಣಿ ಹಾಗೇ ಅಂತ ಮೊದಲೇ ಗೊತ್ತಿರುತ್ತೆ, ಗುರುತೂ ಕಾಣುತ್ತೆ. 2000ರಲ್ಲಿ ಬಂದ ಮೆಜೆಸ್ಟಿಯಲ್ಲಂತೂ ವೀರರಿಗೆ ಆಜ್ಞೆ ಕೊಡೋ ಹಾಗೇ ಇಲ್ಲ. ರಾಕ್ಷಸನ ಗುಹೆಯ ಮೇಲೆ ಬಾವುಟ ನೆಟ್ಟು ಇಷ್ಟು ಚಿನ್ನ ಅಂತ ಇಡಬೇಕು. ಸಾಲದು ಅನ್ನಿಸಿದರೆ ಯಾರೂ ಬರಲ್ಲ. ಇಡೀ ಆಟ ನಿಂತಿರೋದೇ ಆ ಚೌಕಾಸಿಯ ಮೇಲೆ.

ತಾನೇ ಆಡಿಕೊಳ್ಳೋ ಯುದ್ಧ, ಅಂದರೆ ಆಟೋ, ಇಡ್ತೀರಾದರೆ 2023ರ ಏಜ್ ಆಫ್ ವಂಡರ್ಸ್ 4 ನೋಡಿ. ಆಟೋ ಫಲಿತಾಂಶ ಹಿಡಿಸದಿದ್ದರೆ ಅದೇ ಯುದ್ಧವನ್ನು ಮತ್ತೆ ಕೈಯಲ್ಲೇ ಆಡಬಹುದು. ಇದಿಲ್ಲದಿದ್ದರೆ ಗೆಲ್ಲೋ ಯುದ್ಧದಲ್ಲೂ ಒಳ್ಳೆ ತುಕಡಿ ಸುಮ್ಮನೆ ಸತ್ತುಹೋಗುತ್ತೆ ಅನ್ನೋ ಭಯಕ್ಕೆ ಜನ ಪ್ರತಿ ಚಿಲ್ಲರೆ ಜಗಳವನ್ನೂ ಕೂತು ಆಡ್ತಾರೆ, ಆಮೇಲೆ ಬೇಸರ ಅಂತ ಬಿಡ್ತಾರೆ.

ಈಗ ನಿಮ್ಮ ಎಂಟು ತುಕಡಿಗೆ ಬರೋಣ. ಕೋಡ್ ಬರೆಯೋ ಮೊದಲು ಕಾಗದದಲ್ಲಿ ಆಡಿ ನೋಡಿ. ಪ್ರಷ್ಯಾದ ಸೈನ್ಯಾಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ಪ್ರಕಟಿಸಿದ ಯುದ್ಧದ ಆಟದಲ್ಲಿ ಒಂದು ಸುತ್ತು ಅಂದರೆ ಎರಡು ನಿಮಿಷ. ಆಡುವವರು ಆಜ್ಞೆಯನ್ನು ಚೀಟಿಯಲ್ಲಿ ಬರೆದು ಅಂಪೈರ್‌ಗೆ ಕೊಡ್ತಿದ್ದರು, ನಕ್ಷೆಯ ಮೇಲೆ ತುಂಡುಗಳನ್ನು ಸರಿಸ್ತಿದ್ದದ್ದು ಅವನು. ನೀವೂ ಹಾಗೇ ಮಾಡಿ. ಗೆಳೆಯರಿಬ್ಬರೂ ಎದುರುಬದುರು ಕೂರಲಿ, ನೀವು ಅಂಪೈರ್. ಯುದ್ಧಕ್ಕೆ ಮೊದಲು ತುಕಡಿಗೊಂದು ಆಜ್ಞೆ. ನಡುವೆ ಬದಲಾಯಿಸೋಕೆ ಒಬ್ಬೊಬ್ಬರಿಗೆ ಮೂರೇ ಚೀಟಿ, ಅದೂ ದೂತ ಆ ತುಕಡಿ ಮುಟ್ಟಿದ ಮೇಲೇ ಜಾರಿ. ಮಂತ್ರವಾದಿಯ ಒಂದು ದೊಡ್ಡ ಮಂತ್ರ ಮಾತ್ರ ಯಾವಾಗ ಬೇಕಾದರೂ ಆಟಗಾರನ ಕೈಯಲ್ಲಿರಲಿ. ತುಕಡಿ ಹೇಳಿದಂತೆ ನಡೆಯದಿದ್ದರೆ ಕಾರಣವನ್ನು ಅಲ್ಲೇ ಗಟ್ಟಿಯಾಗಿ ಹೇಳಿ: "ನಾಯಕ ಸತ್ತ, ಹೆದರಿದ್ದಾರೆ". ಆಮೇಲೆ ಗೇಮ್‌ನಲ್ಲಿ ತುಕಡಿಯ ತಲೆ ಮೇಲೆ ಬರಬೇಕಾದ ಸಾಲು ಅದೇ.

ಆಟ ಮುಗಿದ ತಕ್ಷಣ ಸೋತವನಿಗೆ "ಯಾಕೆ ಸೋತೆ?" ಅಂತ ಮಾತ್ರ ಕೇಳಿ, ಅವನ ಮಾತನ್ನು ಹಾಗೇ ಬರೆದುಕೊಳ್ಳಿ. "ನನ್ನವರು ಮಾತೇ ಕೇಳಲಿಲ್ಲ" ಅಂದರೆ ಕಂಟ್ರೋಲ್ ಹೆಚ್ಚಿಸೋ ಮೊದಲು ಕಾರಣ ಇನ್ನೂ ಚೆನ್ನಾಗಿ ಕಾಣಿಸುವಂತೆ ಮಾಡಿ ನೋಡಿ. "ಎಲ್ಲಾ ಕಡೆ ನೋಡೋಕಾಗಲಿಲ್ಲ" ಅಂದರೆ ಆಜ್ಞೆ ಕಡಿಮೆ ಮಾಡಿ. "ಬಿಲ್ಲುಗಾರರನ್ನು ಬೆಟ್ಟದ ಮೇಲೆ ಇಡಬೇಕಿತ್ತು" ಅಂದರೆ ಅಲ್ಲಿಗೆ ಕೈಹಾಕಬೇಡಿ, ಅದು ಸರಿಯಾಗಿದೆ.

ಹತ್ತು ಆಟವಾದ ಮೇಲೆ ಚೀಟಿಗಳ ಫೋಟೋ ಇಲ್ಲೇ ಹಾಕಿ. ಹತ್ತರಲ್ಲಿ ಒಂದು ಸಲವೂ ಯಾರೂ ಬರೆಯದ ಆಜ್ಞೆ ಯಾವುದು ಅಂತ ಎಲ್ಲರೂ ಸೇರಿ ನೋಡೋಣ. ಮೊದಲು ಕಿತ್ತುಹಾಕಬೇಕಾದದ್ದು ಅದನ್ನೇ.