ಬಾಯಿ ಉರಿಯುತ್ತಿರುವಾಗ ರಕ್ತದ ಪ್ಯಾಕೇಜ್

ಬ್ಯಾಡಗಿಯ ಓದುಗರೊಬ್ಬರ ಪತ್ರ: ‘ಹುಬ್ಬಳ್ಳಿಯ ಒಂದು ಲ್ಯಾಬ್‌ನಲ್ಲಿ ತಮ್ಮನಿಗೆ ರಕ್ತ ಪರೀಕ್ಷೆಯ ಪೂರ್ತಿ ಪ್ಯಾಕೇಜ್ ಮಾಡಿಸಿದೆವು. ಥೈಮಿಡಿನ್ ಕೈನೇಸ್ ಹೆಚ್ಚಾಗಿದೆ, ಅದು ಕ್ಯಾನ್ಸರ್ ಗುರುತು ಎಂದರು. ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಇಂಥ ಪರೀಕ್ಷೆಯನ್ನು ಸರ್ಕಾರ ತಾಲ್ಲೂಕು ಆಸ್ಪತ್ರೆಗಳಿಗೂ ಏಕೆ ತರಬಾರದು? ತಮ್ಮ ಮೊದಲೇ ಸೊರಗಿದ್ದಾನೆ. ಖಾರ ತಿಂದರೆ ಬಾಯಿ ಉರಿಯುತ್ತದೆಂದು ಈಚೆಗೆ ಮೊಸರನ್ನದಲ್ಲೇ ಇದ್ದಾನೆ.’

ಸಂಪಾದಕರ ಉತ್ತರ: ಲ್ಯಾಬ್‌ನವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಜೀವಕೋಶ ಎರಡಾಗುವ ಮೊದಲು ತನ್ನ ಡಿಎನ್‌ಎ ನಕಲು ಮಾಡಿಕೊಳ್ಳಬೇಕು. ಅದಕ್ಕೆ ಬೇಕಾದ ಥೈಮಿಡಿನ್‌ಗೆ ಫಾಸ್ಫೇಟ್ ಕೂಡಿಸಿಕೊಡುವ ಕಿಣ್ವ ಈ ಥೈಮಿಡಿನ್ ಕೈನೇಸ್ 1. ಸುಮ್ಮನಿರುವ ಕೋಶದಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ. ಬಿಡುವಿಲ್ಲದೆ ಬೆಳೆಯುವ ಗಡ್ಡೆಯಿಂದ ರಕ್ತಕ್ಕೆ ಸೋರುತ್ತದೆ. ರಕ್ತದ ಕ್ಯಾನ್ಸರ್, ದುಗ್ಧಗ್ರಂಥಿಗಳ ಕ್ಯಾನ್ಸರ್ ಆದ ಲಿಂಫೋಮಾಗಳ ವೇಗ ಅಳೆಯಲು ಇದನ್ನು ಬಳಸಿದ್ದಾರೆ. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಮುಟ್ಟು ನಿಂತ ಮಹಿಳೆಯರಲ್ಲಿ ಹರಡಿದ ಒಂದು ಬಗೆಯ ಸ್ತನ ಕ್ಯಾನ್ಸರಿನ ಮೇಲೆ ನಿಗಾ ಇಡಲು ಇಂಥದೊಂದು ಪರೀಕ್ಷೆಯನ್ನು ಒಪ್ಪಿತು. ಅದರ ಮರ್ಯಾದೆ ಅದಕ್ಕೆ ಸಂದಿತು.

ಆದರೆ ಅಲ್ಲೆಲ್ಲ ರೋಗ ಇದೆಯೆಂದು ಮೊದಲೇ ಗೊತ್ತಿರುತ್ತದೆ. ಗೊತ್ತಿಲ್ಲದವರಲ್ಲಿ ಈ ಕಿಣ್ವ ವೈರಸ್ ಸೋಂಕಿಗೂ ಏರುತ್ತದೆ, ವಿಟಮಿನ್ ಬಿ12 ಕೊರತೆಗೂ ಏರುತ್ತದೆ. ಮಾಂಸ ಮುಟ್ಟದ ನಮ್ಮ ಕಡೆಯ ಮನೆಗಳಲ್ಲಿ ಬಿ12 ಕೊರತೆ ಅಪರೂಪವೇ? ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಹುಡುಕಲು ರಕ್ತದಲ್ಲಿ ಪಿಎಸ್‌ಎ ಎಂಬ ವಸ್ತುವನ್ನು ಅಳೆಯುವ ಪರೀಕ್ಷೆಯ ಕಥೆ ನೋಡಿ. 1970ರಲ್ಲಿ ಆ ವಸ್ತುವನ್ನು ಗುರುತಿಸಿದ ರಿಚರ್ಡ್ ಆಬ್ಲಿನ್ ಅವರೇ, ಕಂಡಕಂಡ ಗಂಡಸರಿಗೆಲ್ಲ ಆ ಪರೀಕ್ಷೆ ಮಾಡುವುದು ಲಾಭಕ್ಕಾಗಿ ನಡೆಯುವ ಅನಾಹುತ ಎಂದು 2010ರಲ್ಲಿ ಪತ್ರಿಕೆಯಲ್ಲಿ ಬರೆದರು.

ಇನ್ನು ನಿಮ್ಮ ಕೊನೆಯ ಸಾಲು. ಬ್ಯಾಡಗಿಯವರಾಗಿ, ಮೆಣಸಿನಕಾಯಿಯ ಘಾಟಿನಲ್ಲೇ ಬೆಳೆದ ಹುಡುಗನಿಗೆ ಖಾರ ತಡೆಯುವುದಿಲ್ಲ ಎಂಬುದನ್ನು ಪತ್ರದ ಬಾಲದಲ್ಲಿ ಬರೆಯುತ್ತೀರಲ್ಲ! ಅವನು ಗುಟ್ಕಾ ಅಥವಾ ಸುಪಾರಿ ಜಗಿಯುತ್ತಾನೆಯೇ? ಅದನ್ನು ನೀವು ಬರೆದಿಲ್ಲ, ಲ್ಯಾಬ್‌ನವರು ಕೇಳಿರಲಾರರು. ಅಡಿಕೆ ಜಗಿಯುವವರಲ್ಲಿ ಬಾಯಿಯ ಒಳಪದರ ಗಟ್ಟಿಯಾಗುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಕಾಯಿಲೆ ಬರುತ್ತದೆ. ಮೊದಲು ಖಾರಕ್ಕೆ ಉರಿ, ಆಮೇಲೆ ಬಾಯಿ ಅಗಲಿಸಲಾಗದ ಬಿಗಿತ. ಕೆಲವರಲ್ಲಿ ಅದೇ ಕ್ಯಾನ್ಸರಿಗೆ ತಿರುಗುತ್ತದೆ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ವಿಭಾಗ ತೀರ್ಮಾನಿಸಿ ಎರಡು ದಶಕ ಕಳೆಯಿತು. ಅಡಿಕೆ ಬೆಳೆಗಾರರು ಈ ಮಾತಿಗೆ ಸಿಟ್ಟಾಗುತ್ತಾರೆ, ಆಗಲಿ.

ಸರ್ಕಾರ ಏನನ್ನು ತರಬೇಕು ಎಂದಿರಲ್ಲ? ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಜನರ ಬಾಯಿ ತೆರೆಸಿ, ಬೆಳಕು ಬಿಟ್ಟು ನೋಡಿದರು. 2005ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಫಲಿತಾಂಶದ ಪ್ರಕಾರ ತಂಬಾಕು, ಮದ್ಯ ಸೇವಿಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಪಾಲು ತಗ್ಗಿತು. ಆದರೆ ಬೆಳಕು ಬಿಟ್ಟು ನೋಡುವುದಕ್ಕೆ ರಿಯಾಯಿತಿ ದರದ ಫಲಕ ಯಾರೂ ಹಾಕುವುದಿಲ್ಲ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಅಂದಿನಿಂದ ಅಡಿಕೆಯದೊಂದು ಚೀಟು, ತಂಬಾಕಿನದೊಂದು ಚೀಟು. ಬೆರೆಸುವ ಕೆಲಸ ಗಿರಾಕಿಯದು. ಬಸ್ ನಿಲ್ದಾಣದ ಗೋಡೆಗಳು ಕೆಂಪಾಗಿರುವುದನ್ನು ಶಾಸಕರೂ ನೋಡುತ್ತಾರೆ, ನಾವೂ ನೋಡುತ್ತೇವೆ. ಎಲ್ಲರೂ ಮೂಗು ಮುಚ್ಚಿಕೊಂಡು ಬಸ್ ಹತ್ತುತ್ತೇವೆ.

ತಮ್ಮನ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿದರೆ ಬಾಯಿಗೆ ಹಿಡಿಸುತ್ತವೆಯೇ, ಇಂದೇ ನೋಡಿ. ಹಿಡಿಸಲಿ ಬಿಡಲಿ, ಈ ವಾರವೇ ಧಾರವಾಡದ ದಂತ ವೈದ್ಯಕೀಯ ಕಾಲೇಜಿಗೋ ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ) ಆಸ್ಪತ್ರೆಗೋ ಕರೆದೊಯ್ಯಿರಿ. ಲ್ಯಾಬ್ ವರದಿಯನ್ನೂ ಒಯ್ದು, ಬಿ12 ನೋಡಬೇಕೇ ಎಂದು ಅಲ್ಲಿಯ ವೈದ್ಯರನ್ನು ಕೇಳಿ. ಜೇಬಿನಲ್ಲಿ ಚೀಟುಗಳಿದ್ದರೆ ಹೊರಡುವ ಮೊದಲೇ ತೆಗೆಸಿಬಿಡಿ.